ಹೆಣ್ಣುಮಕ್ಕಳ ಒಂಟಿ ರೈಲು ಪ್ರಯಾಣ

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ್ದ ಮೊಳಕಾಲ್ಮೂರಿನ ಹುಡುಗಿಯೊಬ್ಬಳಿಗೆ ನರ್ಸಿಂಗ್ ಶಿಕ್ಷಣಕ್ಕೆ ಸೇರುವಂತೆ ವೆಲ್ಲೂರಿನಿಂದ ಕರೆ ಬಂದಿತು. ತಂದೆಯವರಿಗೆ ರೇಷ್ಮೆಯ ಮಗ್ಗ ಬಿಟ್ಟು ಹೊರಡಲಾಗದು. ಅಣ್ಣನಿಗೆ ರಜೆ ದೊರೆಯಲಿಲ್ಲ. ಹುಡುಗಿ ಹೋಗಲೇ ಇಲ್ಲ. ಆಕೆಯ ಮನೆಯವರನ್ನು ನಾವು ದೂರುವುದಿಲ್ಲ. ಭೂಪಟವನ್ನು ಕಲಿಸಿದ ನಾವು ರೈಲಿನ ವೇಳಾಪಟ್ಟಿ ಓದುವುದನ್ನು ಆಕೆಗೆ ಕಲಿಸಿರಲಿಲ್ಲ.

ಅದು ಕಲಿತೇ ಬರಬೇಕಾದ ವಿದ್ಯೆ. ನಾವು ಮೊದಲ ಬಾರಿಗೆ ಒಬ್ಬರೇ ಹೊರಟಾಗ ಮಂಗಳವಾರದ 0.20ರ ಗಾಡಿಯ ಟಿಕೇಟು ಹಿಡಿದು ಮಂಗಳವಾರ ರಾತ್ರಿ ನಿಲ್ದಾಣಕ್ಕೆ ಹೋದೆವು. ಗಾಡಿಯು ಸೋಮವಾರ ನಡುರಾತ್ರಿ ಕಳೆದೊಡನೆಯೇ ಹೋಗಿತ್ತು! ವೆಲ್ಲೂರಿಗೆಂದು ಬೆಂಗಳೂರಿನಲ್ಲಿ ಚೆನ್ನೈ ಗಾಡಿ ಹತ್ತಿದವಳು ಇಳಿಯಬೇಕಾದುದು ಕಾಟ್ಪಾಡಿಯಲ್ಲಿ. ವೆಲ್ಲೂರೆಂಬ ಹಲಗೆಗಾಗಿ ಕಾದು ಕುಳಿತರೆ ಚೆನ್ನೈಯೇ ಬಂದೀತು.

ಪೋಷಕರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಸ್ತ್ರೀಯರಿಗೆ ಮೀಸಲಾದ ಡಬ್ಬಿಯನ್ನು ಗಂಡಸರು ಏರುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧವೆಂಬುದನ್ನೂ, ತೊಂದರೆಯಾದಲ್ಲಿ 139ಕ್ಕೆ ಕರೆ ಮಾಡಬಹುದೆಂಬುದನ್ನೂ ಮಗಳಿಗೆ ಮೊದಲೇ ತಿಳಿಸಿರಿ. ಇಷ್ಟಾಗಿಯೂ ಧೈರ್ಯ ಸಾಲದಿದ್ದರೆ ಸಮೀಪದಲ್ಲೇ ಆರಂಭಿಸೋಣ. ಚಳ್ಳಕೆರೆಯಲ್ಲಿ ಗಾಡಿ ಹತ್ತಿ ರಾಯದುರ್ಗದಲ್ಲಿ ಇಳಿದರೆ ಅದಾಗಲೇ ಆಂಧ್ರ. ಅಂಗಡಿಗಳ ಹಲಗೆಗಳೆಲ್ಲ ತೆಲುಗು. ಹಗಲು ಹೊತ್ತಿನಲ್ಲಿ ಮಗಳನ್ನು ಒಬ್ಬಳನ್ನೇ ಅಷ್ಟು ದೂರ ಕಳುಹಿಸಿರಿ. ತಂದೆಯವರು ಬೇಕಾದರೆ ಬೇರೊಂದು ಡಬ್ಬಿಯಲ್ಲಿ ಕುಳಿತಿರಲಿ, ಮಾತನಾಡಿಸಕೂಡದು. ಮುಂದಿನ ರಜೆಯಲ್ಲಿಯೇ ಆಗಲಿ. ಟಿಕೇಟನ್ನು ಅವಳೇ ಕೊಳ್ಳಲಿ, ತಾರೀಖನ್ನೂ ಅವಳೇ ನೋಡಲಿ.