‘ಗಮನಕ್ಕೆ ಬಂದಿದೆಯೇ?’ ‘ಬಂದಿದೆ!’

ವಿಧಾನಸಭೆಯ ಪ್ರಶ್ನೋತ್ತರದ ಹಾಳೆಯನ್ನು ಒಮ್ಮೆಯಾದರೂ ಕಣ್ಣಾರೆ ಕಂಡವರಿಗೆ ಅದರ ಧಾಟಿ ಗೊತ್ತಿರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ತಜ್ಞ ವೈದ್ಯರ ಕೊರತೆ ಇರುವುದು ಸರಕಾರದ ಗಮನಕ್ಕೆ ಬಂದಿದೆಯೇ ಎಂದು ಶಾಸಕರು ಕೇಳುತ್ತಾರೆ. ಬಲಗಡೆ ಒಂದೇ ಪದ: ಬಂದಿದೆ. ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಪರಿಶೀಲನೆಯಲ್ಲಿದೆ. ಎಷ್ಟು ಕಾಲಾವಧಿಯೊಳಗೆ? ಆರ್ಥಿಕ ಲಭ್ಯತೆಗೆ ಅನುಗುಣವಾಗಿ. ಕೆಳಗೆ ಮಾನ್ಯ ಮಂತ್ರಿಗಳ ರುಜು. ಮುಗೀತು ಕಥೆ!

ಉತ್ತರ ಕನ್ನಡ ಜಿಲ್ಲೆಯ ಆಸ್ಪತ್ರೆಯ ಪ್ರಶ್ನೆ ಹೀಗೆ ಎಡಗಡೆಯಿಂದ ಬಲಗಡೆಗೆ ಎಷ್ಟು ಸಲ ಹೋಗಿ ಬಂದಿದೆಯೋ ಲೆಕ್ಕ ಇಟ್ಟವರಿಲ್ಲ. ಆ ಪಕ್ಷದವರು ಕೇಳಿದ್ದಾರೆ, ಈ ಪಕ್ಷದವರೂ ಕೇಳಿದ್ದಾರೆ. ವಿರೋಧ ಪಕ್ಷದಲ್ಲಿ ಕೂತಾಗ ಮೇಜು ಗುದ್ದಿ ಕೇಳಿದವರೇ ಆಡಳಿತದ ಕಡೆ ಕೂತಾಗ ಕೊಂಚ ಮೆತ್ತಗೆ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಜಿಲ್ಲೆಗೆ ದನಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ 1983ರಿಂದ 1988ರವರೆಗೆ ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಹಳಿಯಾಳದ ಆರ್.ವಿ. ದೇಶಪಾಂಡೆ ಹಲವು ಸಂಪುಟ ಕಂಡವರು. 2019ರಿಂದ 2023ರವರೆಗೆ ಸಭಾಧ್ಯಕ್ಷರ ಪೀಠದ ಮೇಲೆಯೇ ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಕೂತಿದ್ದರು. ಪ್ರಶ್ನೆ ಕೇಳಲು ಅವಕಾಶ ಕೊಡುವ ಕೈಯೇ ಈ ಜಿಲ್ಲೆಯದ್ದು! 2023ರಲ್ಲಿ ಭಟ್ಕಳದ ಮಂಕಾಳ ವೈದ್ಯರು ಮಂತ್ರಿಯಾದರು. ಆದರೆ ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಉತ್ತರ ಹೇಳಬೇಕು. ಸಭಾಧ್ಯಕ್ಷರೂ ಕೇಳುವಂತಿಲ್ಲ. ಜಿಲ್ಲೆಗಿರುವುದೇ ಆರು ಶಾಸಕರು. ಅದರಲ್ಲಿ ಒಬ್ಬಿಬ್ಬರು ದೊಡ್ಡವರಾದರೆ ಕೇಳುವ ಬಾಯಿಗಳೂ ಅಷ್ಟು ಕಡಿಮೆ. ಇದೊಂದು ವಿಚಿತ್ರ ಲೆಕ್ಕ.

ಇತ್ತ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬನ್ನಿ. ಕುಮಟಾ, ಹೊನ್ನಾವರ, ಭಟ್ಕಳ ಯಾವುದಾದರೂ ಆಗಲಿ. ಮಣಿಪಾಲ, ಮಂಗಳೂರು ಕಡೆಯ ಬಸ್ಸು ಹತ್ತುವವರನ್ನು ನೋಡಿದರೆ ಗೊತ್ತಾಗುತ್ತದೆ. ಕಂಕುಳಲ್ಲಿ ಸ್ಕ್ಯಾನಿನ ದೊಡ್ಡ ಕವರು, ಕೈಯಲ್ಲಿ ಬುತ್ತಿಯ ಚೀಲ, ಜತೆಗೊಬ್ಬ ನೆಂಟ.

“ಎಲ್ಲಿಗೆ ನಾಯ್ಕರೆ, ಮಣಿಪಾಲಕ್ಕಾ?”

“ಹೌದ್ರೀ, ಇವಳದ್ದು ಕಿಡ್ನಿದು. ಮತ್ತೆಲ್ಲಿಗೆ ಹೋಗೂದು?”

ಈ ಸಂಭಾಷಣೆಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಕಂಡಕ್ಟರಿಗೂ ಗೊತ್ತು, ಎದುರಿನ ಚಹಾದಂಗಡಿಯವನಿಗೂ ಗೊತ್ತು. ಅಂಗಡಿಗಳ ಗಲ್ಲೆಯ ಪಕ್ಕ ಆಗಾಗ ಒಂದು ಡಬ್ಬಿ ಬಂದು ಕೂರುತ್ತದೆ, ಮೇಲೊಂದು ಮಗುವಿನದೋ ಹುಡುಗನದೋ ಫೋಟೋ, ಆಪರೇಷನ್ನಿಗೆ ನೆರವಾಗಿ ಎಂಬ ಬರಹ. ಚಿಲ್ಲರೆ ಹಾಕದ ವ್ಯಾಪಾರಿ ಇಲ್ಲ. ತೆರಿಗೆ ಕಟ್ಟಿಯೂ ಮತ್ತೆ ಈ ಡಬ್ಬಿಗೆ ಹಾಕುವವರು ಅವರೇ.

2011ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ 14 ಲಕ್ಷ 37 ಸಾವಿರ ಜನ. ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ. ಕಾರವಾರದಿಂದ ಮಣಿಪಾಲ ಸುಮಾರು 200 ಕಿಲೋಮೀಟರು, ಹುಬ್ಬಳ್ಳಿಗೆ ಅರಬೈಲು ಘಟ್ಟ ಹತ್ತಿ ಸುಮಾರು 165. ಎದೆ ನೋವು ಬಂದವನಿಗೆ, ತಲೆ ಒಡೆದುಕೊಂಡವನಿಗೆ ಮೊದಲ ಒಂದು ಗಂಟೆಯೇ ಮುಖ್ಯ ಎಂದು ವೈದ್ಯರೇ ಹೇಳುತ್ತಾರೆ. ಆ ಒಂದು ಗಂಟೆಯಲ್ಲಿ ಕಾರವಾರದ ಆಂಬುಲೆನ್ಸು ಕುಮಟಾ ದಾಟಿದರೆ ಪುಣ್ಯ.

2022ರ ಜುಲೈ 20. ಹೊನ್ನಾವರದಿಂದ ರೋಗಿಯನ್ನು ಕೂರಿಸಿಕೊಂಡು ಕುಂದಾಪುರದ ಕಡೆ ಹೊರಟಿದ್ದ ಆಂಬುಲೆನ್ಸು ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಒದ್ದೆ ರಸ್ತೆಯ ಮೇಲೆ ಜಾರಿ ಮಗುಚಿತು. ದಾರಿ ಬಿಡಲೆಂದು ಟೋಲ್ ಸಿಬ್ಬಂದಿ ಅಡ್ಡಗಟ್ಟೆ ಎತ್ತಲು ಓಡುತ್ತಿದ್ದರು. ರೋಗಿಯೂ ಸೇರಿ ನಾಲ್ವರು ಸತ್ತರು. ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಗೇಟು ಸರಿ ಇರಲಿಲ್ಲ, ರಸ್ತೆ ಸರಿ ಇರಲಿಲ್ಲ, ವೇಗ ಜಾಸ್ತಿ ಇತ್ತು ಎಂದು ತಲೆಗೊಂದು ಮಾತು. ಎಲ್ಲವೂ ನಿಜವೇ ಇರಬಹುದು. ಆದರೆ ಹೊನ್ನಾವರದ ರೋಗಿ ಬೇರೆ ಜಿಲ್ಲೆಯ ಟೋಲ್ ಗೇಟಿನಲ್ಲಿ ಯಾಕಿದ್ದ ಎಂಬುದೇ ಮೂಲ ಪ್ರಶ್ನೆ.

ಆಗ ಜನ ಬೀದಿಗೆ ಬಂದರು. ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದರು. ಅದಕ್ಕೂ ಮೊದಲು, 2019ರಲ್ಲೇ, ಜಿಲ್ಲೆಯ ಹುಡುಗರು ಟ್ವಿಟರಿನಲ್ಲಿ ಇದೇ ಕೂಗೆಬ್ಬಿಸಿದ್ದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಆರೋಗ್ಯ ಮಂತ್ರಿ ಡಾ. ಕೆ. ಸುಧಾಕರ್ ಭರವಸೆ ಕೊಟ್ಟರು. ಕುಮಟಾದಲ್ಲಿ ಜಾಗದ ಮಾತೂ ಬಂತು. 2023ರಲ್ಲಿ ಚುನಾವಣೆಯಾಯಿತು, ಸರಕಾರ ಬದಲಾಯಿತು, ಹೊಸ ಸರಕಾರದ ಎದುರೂ ಅದೇ ಬೇಡಿಕೆ ಹೋಯಿತು. 2025ರ ಮಳೆಗಾಲ ಬಂದಾಗಲೂ ಆ ಆಸ್ಪತ್ರೆಯ ಬಾಗಿಲು ತೆರೆದಿರಲಿಲ್ಲ.

‘ಕಾರವಾರದಲ್ಲಿ ಸರಕಾರಿ ಮೆಡಿಕಲ್ ಕಾಲೇಜೇ ಇದೆಯಲ್ಲ?’ ಎನ್ನುವ ವಾದವೊಂದು ಬೆಂಗಳೂರಿನಲ್ಲಿ ಯಾವಾಗಲೂ ಸಿದ್ಧವಿರುತ್ತದೆ. ಇದೆ. 2016ರಿಂದ ಅಲ್ಲಿ ಪಾಠ ನಡೆಯುತ್ತಿದೆ. ಹೆರಿಗೆ, ಮೂಳೆ, ಸಾಮಾನ್ಯ ಶಸ್ತ್ರಚಿಕಿತ್ಸೆ ಇವಕ್ಕೆಲ್ಲ ಜನ ಅಲ್ಲಿಗೇ ಹೋಗುತ್ತಾರೆ. ಅಲ್ಲಿ ದುಡಿಯುವವರನ್ನು ದೂರುವುದು ಇಲ್ಲಿ ಉದ್ದೇಶವೂ ಅಲ್ಲ. ಆದರೆ ಎಂ.ಬಿ.ಬಿ.ಎಸ್. ಕಲಿಸುವ ಕಾಲೇಜಿಗೆ ಹೃದಯದ ತಜ್ಞ, ಮೆದುಳಿನ ಶಸ್ತ್ರಚಿಕಿತ್ಸಕ, ಮೂತ್ರಪಿಂಡದ ತಜ್ಞ ಇರಲೇಬೇಕೆಂಬ ಕಟ್ಟಳೆ ಇಲ್ಲ. ಅವರ ಓದೇ ಬೇರೆ, ಎಂ.ಡಿ., ಎಂ.ಎಸ್. ಮುಗಿಸಿ ಮತ್ತೆ ಮೂರು ವರ್ಷ. ಅಂಥವರನ್ನು ಕರೆತರಲು ಬೇರೆ ಹುದ್ದೆ ಬೇಕು, ಯಂತ್ರ ಬೇಕು, ಯಂತ್ರ ನಡೆಸುವ ಕೈ ಬೇಕು, ರಾತ್ರಿ ಪಾಳಿಗೆ ಇನ್ನೊಬ್ಬ ಬೇಕು. ಕಾಲೇಜು ಇದೆ ಎಂದು ಹೇಳಿ ಇವೆಲ್ಲ ಇವೆಯೆಂದು ನಂಬಿಸುವುದು ಎಂದರೆ ಹೋಟೆಲಿನ ಬೋರ್ಡು ತೋರಿಸಿ ಊಟ ಆಯಿತು ಎಂದಂತೆ.

ಇನ್ನು ಕಾರ್ಡಿನ ವಿಚಾರ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎಂದು ಹೇಳಿದ ಒಳ್ಳೆಯ ಯೋಜನೆ, ಎಷ್ಟೋ ಜೀವ ಉಳಿಸಿದೆ. ಆದರೆ ಅದು ಕೊಡುವುದು ಆಸ್ಪತ್ರೆಯ ಬಿಲ್ಲು. ರೋಗಿಯ ಜತೆಗೆ ಹೋದವರ ಬಸ್ ಚಾರ್ಜು, ಲಾಡ್ಜಿನ ಬಾಡಿಗೆ, ಹೊರಗಿನ ಊಟ, ಹದಿನೈದು ದಿನ ಮುಚ್ಚಿದ ಅಂಗಡಿ, ತಪ್ಪಿದ ಕೂಲಿ ಇದ್ಯಾವುದೂ ಯಾವ ಕಾರ್ಡಿನಲ್ಲೂ ಇಲ್ಲ. ಚೀಟಿ ಬರೆಸಲು ಮೊದಲು ಸರಕಾರಿ ಆಸ್ಪತ್ರೆ, ಚಿಕಿತ್ಸೆಗೆ ಆಮೇಲೆ ದೂರದ ಆಸ್ಪತ್ರೆ. ಜೋಯಿಡಾದ ಕಾಡಿನ ಮನೆಯವನಿಗೆ ಮೊದಲ ಚೀಟಿಗೇ ಒಂದು ದಿನ ಬೇಕು.

ಜೋಯಿಡಾ ಎಂದಾಗ ಇನ್ನೊಂದು ಮಾತು. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ತೆರೆಯುವುದು ತಲೆ ಲೆಕ್ಕದ ಮೇಲೆ. ಬಯಲಿನಲ್ಲಿ 30 ಸಾವಿರ ಜನರಿಗೊಂದು, ಗುಡ್ಡಗಾಡಿನಲ್ಲಿ 20 ಸಾವಿರಕ್ಕೊಂದು. ಮಂಡ್ಯದಂಥ ಕಡೆ 30 ಸಾವಿರ ಜನ ಹತ್ತಾರು ಕಿಲೋಮೀಟರಿನಲ್ಲಿ ಸಿಗುತ್ತಾರೆ. ಇಲ್ಲಿ 20 ಸಾವಿರ ತಲೆ ಎಣಿಸಬೇಕಾದರೆ ಎರಡು ಹೊಳೆ, ಮೂರು ಗುಡ್ಡ ದಾಟಬೇಕು. ಜನ ಕಡಿಮೆ ಯಾಕಿದ್ದಾರೆ? ಜಿಲ್ಲೆಯ ಬಹುಭಾಗ ಕಾಡು, ಮಿಕ್ಕ ಕಡೆ ಸೂಪಾ ಅಣೆಕಟ್ಟಿನ ನೀರು. ತಲೆ ಎಣಿಸುವ ಬದಲು ಕಿಲೋಮೀಟರು ಎಣಿಸಿ ಎಂದು ಶಾಸಕರು ಸದನದಲ್ಲಿ ಹಟ ಹಿಡಿಯಬೇಕಿತ್ತು. ದೊಡ್ಡ ಆಸ್ಪತ್ರೆಯ ಗದ್ದಲದಲ್ಲಿ ಈ ಸಣ್ಣ ಕೇಂದ್ರಗಳ ಮಾತು ಯಾರಿಗೂ ಕೇಳುತ್ತಿಲ್ಲ.

ಕೊಟ್ಟಿದ್ದರಲ್ಲಂತೂ ಈ ಜಿಲ್ಲೆ ಹಿಂದೆ ಬಿದ್ದಿಲ್ಲ. ಕಾಳಿ ನದಿ ಕೊಟ್ಟಿತು, ರಾಜ್ಯಕ್ಕೆ ಕರೆಂಟು ಬಂತು. ಕೈಗಾ ಕೊಟ್ಟಿತು, ಅಣು ವಿದ್ಯುತ್ತು ಬಂತು. ಸೀಬರ್ಡ್ ನೌಕಾನೆಲೆಗೆ ಕಾರವಾರ–ಅಂಕೋಲಾದ ಊರುಗಳೇ ಎದ್ದು ಹೋದವು. ಕೊಂಕಣ ರೈಲಿಗೆ ಜಾಗ, ಚತುಷ್ಪಥಕ್ಕೆ ಜಾಗ. ಬದಲಿಗೆ ಒಂದು ಆಸ್ಪತ್ರೆ ಕೇಳಿದರೆ ಆರ್ಥಿಕ ಲಭ್ಯತೆ ಎನ್ನುತ್ತಾರೆ!

ದುಡ್ಡಿಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟು ಎಂದೋ ತಳ್ಳಿಹಾಕಿದೆ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದ ಒಬ್ಬ ಕೂಲಿಗಾರನನ್ನು ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಗೆ ಹೊತ್ತು ತಿರುಗಿದರು. ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17 ಸಾವಿರ ರೂಪಾಯಿ ಖರ್ಚು ಮಾಡಿ ಬದುಕಿಕೊಂಡ. ಕೂಲಿಕಾರರ ಸಂಘ ಹಾಕಿದ ದಾವೆಯಲ್ಲಿ 1996ರಲ್ಲಿ ತೀರ್ಪು ಬಂತು. ತುರ್ತು ಚಿಕಿತ್ಸೆ ಸಕಾಲದಲ್ಲಿ ಸಿಗದಿದ್ದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ, ಹಣದ ಕೊರತೆಯ ನೆಪ ಹೇಳಿ ಸರಕಾರ ಜಾರಿಕೊಳ್ಳುವಂತಿಲ್ಲ ಎಂದು ಕೋರ್ಟು ಹೇಳಿತು, 25 ಸಾವಿರ ಪರಿಹಾರವನ್ನೂ ಕೊಡಿಸಿತು. ಉಪಪ್ರಶ್ನೆ ಕೇಳಲು ಎದ್ದು ನಿಲ್ಲುವ ಶಾಸಕರ ಕೈಯಲ್ಲಿ ಈ ತೀರ್ಪಿನ ಪ್ರತಿ ಯಾಕಿರುವುದಿಲ್ಲವೋ!

ವೈದ್ಯರೇ ಹಳ್ಳಿಗೆ ಬರುವುದಿಲ್ಲ ಎಂಬುದು ಮತ್ತೊಂದು ಸಬೂಬು. ಇದರಲ್ಲಿ ಸತ್ಯವಿದೆ. ಓದು ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಮಾಡಬೇಕೆಂದು 2012ರಲ್ಲಿ ಇದೇ ವಿಧಾನಮಂಡಲ ಕಾಯಿದೆ ಮಾಡಿತ್ತು. ಆಮೇಲೆ ತಿದ್ದುಪಡಿ ಬಂದು ಕಡ್ಡಾಯ ಸಡಿಲವಾಯಿತು. ಬಂದ ವೈದ್ಯರಿಗೆ ಇರಲು ಮನೆ, ಮಕ್ಕಳಿಗೆ ಶಾಲೆ, ಕೈಗೆ ಸಾಧನ ಒದಗಿಸದೆ ಅವರೇ ಬರಲಿಲ್ಲ ಎನ್ನುವುದೂ ಅರ್ಧ ಸತ್ಯವೇ.

ನೆರೆಯವರನ್ನು ನಂಬಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಹುಡುಕಬೇಕಾಗಿಲ್ಲ. ಕಾರವಾರದವರಿಗೆ ಗೋವಾದ ಬಾಂಬೋಳಿಯ ಸರಕಾರಿ ಆಸ್ಪತ್ರೆಯೇ ಹತ್ತಿರ. 2018ರ ಜನವರಿಯಿಂದ ಗೋವಾ ಸರಕಾರ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕಿತು. ಅವರ ಆಸ್ಪತ್ರೆ, ಅವರ ತೆರಿಗೆ, ತಪ್ಪೆನ್ನಲು ಬರುವುದಿಲ್ಲ. 2020ರ ಕೊರೊನಾ ಕಾಲದಲ್ಲಿ ಕರ್ನಾಟಕವೇ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಚಿಕಿತ್ಸೆ ಸಿಗದೆ ಸತ್ತರು. ಕೇರಳ ಹೈಕೋರ್ಟು ಮಧ್ಯೆ ಬರಬೇಕಾಯಿತು.

ಗಡಿ ಮುಚ್ಚುವುದೇ ಬೇಡ, ಮಳೆ ಬಂದರೂ ಸಾಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ (ಇದು ಬೇರೆ ಶಿರೂರು, ಹಣೆಬರಹ ಮಾತ್ರ ಒಂದೇ) ಗುಡ್ಡ ಕುಸಿದು ಹಲವರ ಜೀವ ಹೋಯಿತು. ಕಾರವಾರಕ್ಕೂ ಕುಮಟಾಕ್ಕೂ ನಡುವಿನ ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಮುರಿದು ನೀರಿಗೆ ಬಿತ್ತು. ಗೋವಾ ಕಡೆಯ ದಾರಿ ಅದು. ಪಕ್ಕದ ಹೊಸ ಸೇತುವೆ ಇತ್ತೆಂದು ಬಚಾವು. ಒಂದು ತಿಂಗಳೊಳಗೆ ಜಿಲ್ಲಾ ಕೇಂದ್ರದ ದಕ್ಷಿಣದ ಬಾಗಿಲು ಮುಚ್ಚಿತು, ಉತ್ತರದ ಬಾಗಿಲಿನ ಅರ್ಧ ಕಳಚಿ ಬಿತ್ತು. ಆ ದಿನಗಳಲ್ಲಿ ಎದೆ ನೋವು ಬಂದವನನ್ನು ಯಾವ ದಾರಿಯಲ್ಲಿ, ಎಲ್ಲಿಗೆ ಸಾಗಿಸಬೇಕಿತ್ತು? 108ರ ಗಾಡಿ 2008ರ ನವೆಂಬರ್ 1ರಿಂದ ರಾಜ್ಯದಲ್ಲಿ ಓಡುತ್ತಿದೆ. ಗಾಡಿ ಇದ್ದರಾಯಿತೇ, ಹೋಗಿ ನಿಲ್ಲಲು ಒಂದು ಜಾಗ ಬೇಡವೇ?

ಶಾಸಕರು ಪ್ರಶ್ನೆ ಕೇಳುವುದನ್ನು ನಿಲ್ಲಿಸಬಾರದು. ಕೇಳುವ ರೀತಿ ಬದಲಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಹಾಳೆಯ ಉತ್ತರ ಬರುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಅಲ್ಲಿಗೆ ತೀರಿತು. ಚುಕ್ಕೆ ಗುರುತಿನದಾದರೆ ಮಂತ್ರಿ ಎದ್ದು ನಿಂತು ಬಾಯಿಬಿಡಬೇಕು, ಉಪಪ್ರಶ್ನೆಗೂ ಸಿಕ್ಕಿಬೀಳಬೇಕು. ಉತ್ತರ ಸಾಲದಿದ್ದರೆ ಅರ್ಧ ಗಂಟೆ ಚರ್ಚೆ ಕೇಳಬಹುದು. ಮಂತ್ರಿ ಸದನದಲ್ಲಿ ಮಾಡಿಸುತ್ತೇನೆ ಎಂದರೆ ಅದು ಬರೀ ಮಾತಲ್ಲ, ಅದನ್ನು ಬೆನ್ನು ಹತ್ತಲೆಂದೇ ಸರಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ಆ ಸಮಿತಿಯ ಮುಂದೆ ಉತ್ತರ ಕನ್ನಡದ ಆಸ್ಪತ್ರೆಯ ಕಡತ ಇದೆಯೇ, ಇದ್ದರೆ ಎಲ್ಲಿಗೆ ಬಂದಿದೆ ಎಂದು ಆರೂ ಶಾಸಕರು ಒಟ್ಟಾಗಿ ವಿಚಾರಿಸಲಿ. ಪಕ್ಷ ಯಾವುದಾದರೂ ಇರಲಿ, ಮಣಿಪಾಲದ ಬಸ್ಸಿನಲ್ಲಿ ಎಲ್ಲ ಪಕ್ಷದವರೂ ಕೂತಿರುತ್ತಾರೆ.

ಕೇಳುವಾಗ ‘ಗಮನಕ್ಕೆ ಬಂದಿದೆಯೇ’ ಎಂಬುದನ್ನು ಬಿಟ್ಟುಬಿಡಲಿ. ಬಂದಿದೆ, ಎಲ್ಲರಿಗೂ ಗೊತ್ತು. ಜಾಗದ ಸರ್ವೆ ನಂಬರು ಯಾವುದು, ಈ ವರ್ಷದ ಬಜೆಟಿನಲ್ಲಿ ಎಷ್ಟು ರೂಪಾಯಿ ಇಟ್ಟಿದ್ದೀರಿ, ಹೃದಯ ತಜ್ಞರ ಹುದ್ದೆ ಎಷ್ಟು ಮಂಜೂರಾಗಿದೆ, ಎಷ್ಟು ಭರ್ತಿಯಾಗಿದೆ, ಮೊದಲ ರೋಗಿ ಯಾವ ತಾರೀಕಿಗೆ ಒಳಗೆ ಹೋಗುತ್ತಾನೆ. ಇಷ್ಟನ್ನು ಕೇಳಲಿ. ಬಲಗಡೆಯ ಅಂಕಣದಲ್ಲಿ ಏನು ಬರುತ್ತದೋ ಅದನ್ನು ಇದೇ ಜಾಗದಲ್ಲಿ ಅಕ್ಷರಶಃ ಅಚ್ಚು ಹಾಕೋಣ.