ಹಗ್ಗ ಎಳೆದರೂ ಏಳದ ಜನರೇಟರ್

ಸಹೋದರಿಯರೇ, ಕಳೆದ ಬೇಸಿಗೆಯಲ್ಲಿ ಮನ್ನಳ್ಳಿಯ ಒಂದು ಮದುವೆ ಮನೆಯಲ್ಲಿ ಕರೆಂಟ್ ಹೋಯಿತು. ಮೂಲೆಯಲ್ಲಿದ್ದ ಸಣ್ಣ ಪೆಟ್ರೋಲ್ ಜನರೇಟರನ್ನು ಹುಡುಗರು ಹೊರತಂದು ಹಗ್ಗ ಎಳೆದೇ ಎಳೆದರು. ಅದು ಏಳಲಿಲ್ಲ. ಮಿಸ್ತ್ರಿಗಾಗಿ ಬೀದರಿಗೆ ಫೋನು ಹೋಯಿತು. ಅಷ್ಟರಲ್ಲಿ ಹಿರಿಸೊಸೆ ಬಂದು ಆಯಿಲ್ ಕಡ್ಡಿ ತೆಗೆದು ನೋಡಿದರೆ ಒಣಕಲು! ಆಯಿಲ್ ತಗ್ಗಿದರೆ ಕಿಡಿಯನ್ನೇ ತಡೆಯುವ ಸ್ವಿಚ್ ಹಲವು ಜನರೇಟರುಗಳಲ್ಲಿದೆ. ಆಯಿಲ್ ಹಾಕಿದೊಡನೆ ಎದ್ದಿತು.

ಆಯಿಲ್ ಸರಿಯಿದ್ದೂ ಏಳದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಮಸಿ ಹಿಡಿದಿದ್ದರೆ ಉಜ್ಜಿ, ತುದಿ ಸವೆದಿದ್ದರೆ ಅದೇ ನಂಬರಿನ ಹೊಸದನ್ನು ಹಾಕಿ. ಕಿಡಿ ಬಂದರೂ ಹಟ ಮಾಡಿದರೆ ಹಳೆಯ ಪೆಟ್ರೋಲಿನ ಮೇಲೆ ಸಂಶಯಪಡಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಕಿರುತೂತನ್ನು ಮುಚ್ಚುತ್ತದೆ. ಈಗಿನದರಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೇರೆ, ಅದು ತೇವವನ್ನು ಹೀರುತ್ತದೆ. ಎತ್ತಿಡುವ ಮುನ್ನ, ಒಲೆಯಿಂದ ದೂರ ಒಯ್ದು, ಟ್ಯಾಂಕ್ ಬರಿದು ಮಾಡಿ.

ಎಂಜಿನ್ ಓಡಿಯೂ ಬಲ್ಬು ಉರಿಯದಿದ್ದರೆ ಕೆಪಾಸಿಟರ್ ಕೆಟ್ಟಿರಬಹುದು. ಅದಕ್ಕೆ ಕೈ ಹಾಕಬೇಡಿ. ಎಂಜಿನ್ ನಿಂತ ಮೇಲೂ ಶಾಕ್ ಹೊಡೆಯುತ್ತದೆ.

ಆ ರಾತ್ರಿ ನನ್ನ ಎದೆ ನಡುಗಿಸಿದ್ದು ಬೇರೆಯೇ. ಸದ್ದು ಅತಿಥಿಗಳಿಗೆ ಕೇಳದಿರಲೆಂದು ಹುಡುಗರು ಓಡುತ್ತಿದ್ದ ಜನರೇಟರನ್ನು ಒಳಕೋಣೆಗೆ ತಳ್ಳಿದರು. ಪಕ್ಕದಲ್ಲೇ ಮಕ್ಕಳು ಮಲಗಿದ್ದವು. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ. ಬೈದು ಹೊರಗೆ ಹಾಕಿಸಿದೆ, ಕಿಟಕಿಗಳಿಂದ 20 ಅಡಿ ಆಚೆಗೆ. ಮದುಮಗನ ತಂದೆ ಮುನಿಸಿಕೊಂಡರು. ಮುನಿಸಿಕೊಳ್ಳಲಿ.