ನಾಯಿಮರಿಯ ಖರೀದಿಗೂ ರಸೀದಿ ಬೇಕು

ಸಂಸೆ, ಕಳಸ ಭಾಗದ ವರ್ತಕರು ಕಾಫಿ ಮೂಟೆ ಕೊಳ್ಳುವಾಗ ತೇವಾಂಶ ನೋಡುತ್ತಾರೆ, ಔಟ್‌ಟರ್ನ್ ಲೆಕ್ಕ ಹಾಕುತ್ತಾರೆ, ರಸೀದಿ ಬರೆಸುತ್ತಾರೆ. ಅದೇ ಗೋದಾಮಿನ ಕಾವಲಿಗೆ ಜಾತಿ ನಾಯಿಯ ಮರಿ ತರಿಸುವಾಗ ಮಾತ್ರ ಅನೇಕರು ಮೊಬೈಲಿನ ಚಿತ್ರ ನಂಬಿ ಹಣ ಕಳುಹಿಸಿಬಿಡುತ್ತಾರೆ. ರಟ್ಟಿನ ಪೆಟ್ಟಿಗೆಯಲ್ಲಿ ಬಂದಿಳಿದ ಐದು ವಾರದ ಮರಿ ಪಾರ್ವೋ ರೋಗಕ್ಕೆ ಬಲಿಯಾದರೆ ವಿಚಾರಿಸಲು ಮಾರಿದವರ ವಿಳಾಸವೂ ಇರುವುದಿಲ್ಲ.

ಕಾನೂನು ಕೊಳ್ಳುವವರ ಪರವಾಗಿಯೇ ಇದೆ. ಕೇಂದ್ರ ಸರ್ಕಾರದ 2017ರ ನಿಯಮಗಳಂತೆ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿನಾಯಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ 5 ಮೀರಬಾರದು. ತಾಯಿಯನ್ನು ಮರಿಗಳೊಡನೆ ತೋರಿಸಲು ಒಪ್ಪದವರಲ್ಲಿ ವ್ಯವಹಾರ ಸಲ್ಲದು.

ಮುಧೋಳ ತಳಿ ಬಯಸುವವರಿಗೆ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ಬಳಿಯ ತಿಮ್ಮಾಪುರದಲ್ಲಿಯೇ ಇದೆ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ನಾಯಿಗೆ ಬೇಡಿಕೆ ಏರಿದಷ್ಟೂ ಬೆರಕೆ ಮರಿಗಳನ್ನು ಅದೇ ಹೆಸರಿನಲ್ಲಿ ಮಾರುವ ಆಮಿಷವೂ ಏರುವುದು ಸಹಜ. ಅಸಲಿಯಾದರೂ ಅದು ಬಯಲುಸೀಮೆಯಲ್ಲಿ ಓಡಿ ಬೇಟೆಯಾಡಿದ, ತೆಳು ರೋಮದ ಪ್ರಾಣಿ. ಸಂಸೆಯ ಮುಂಗಾರಿನಲ್ಲಿ ಅದನ್ನು ಗೋದಾಮಿನ ಮುಂದೆ ಸರಪಳಿಯಲ್ಲಿ ಕಟ್ಟಿಹಾಕುವುದು ಅನ್ಯಾಯ. ನಾಯಿ ಎಲ್ಲಿ ಮಲಗುವುದು, ಎಷ್ಟು ಹೊತ್ತು ಬಿಡುವಿರಿ ಎಂದು ಕೊಳ್ಳುವವರನ್ನೇ ಪ್ರಶ್ನಿಸಿ, ಉತ್ತರ ಹಿಡಿಸದಿದ್ದರೆ ಮರಿ ಕೊಡಲೊಪ್ಪದವರೇ ನಂಬಲರ್ಹರು. ಅಂಥವರು ಬೆಲೆ ತುಸು ಹೆಚ್ಚು ಹೇಳಿದರೂ ಕೊಡಬಹುದು. ಲಸಿಕೆಯ ಕಾರ್ಡು, ರಸೀದಿಗಳು ಕೈಸೇರಿದ ಮೇಲೆ.